ಬೀರುವಿನಲ್ಲಿ ಏನು ಉಳಿಸಬೇಕು? ನಾನು ಮಾಡಿದ್ದು ಹೀಗೆ

ಬಳ್ಳಾರಿಯ ನಮ್ಮ ಮನೆಯಲ್ಲಿ ಬೀರುವಿನ ಬಾಗಿಲು ಹಾಕಲಿಕ್ಕೇ ಆಗುತ್ತಿರಲಿಲ್ಲ. ಒಂದು ವರ್ಷ ಉಡದಿದ್ದರೆ ಕೊಟ್ಟುಬಿಡಿ ಎಂದು ಎಲ್ಲರೂ ಹೇಳುತ್ತಾರೆ. ನನಗದು ಹಿಡಿಸಲಿಲ್ಲ. ನನ್ನ ಇಳಕಲ್ ಸೀರೆಗಳನ್ನು ನಾನು ಮದುವೆ, ಹಬ್ಬಕ್ಕಷ್ಟೇ ಉಡುವುದು.

ಹಾಗಾಗಿ ಬೇರೆ ಪ್ರಶ್ನೆ ಇಟ್ಟುಕೊಂಡೆ: ಇದು ಕೆಟ್ಟರೆ ರಿಪೇರಿ ಆಗುತ್ತಾ?

ಬ್ಯಾಗುಗಳಿಗೆ ಇದು ತುಂಬಾ ಚೆನ್ನಾಗಿ ಹೊಂದಿತು. ಚರ್ಮದ ಬ್ಯಾಗಿನ ಹಿಡಿಕೆ ಕಿತ್ತರೆ ಹೊಲಿಸಬಹುದು, ಜಿಪ್ ಬದಲಿಸಬಹುದು. ರೆಕ್ಸಿನ್ ಬ್ಯಾಗಿನ ಮೇಲ್ಪದರ ಒಮ್ಮೆ ಸುಲಿಯಲು ಶುರುವಾದರೆ ಮುಗಿಯಿತು. ಬಳಸದೆ ಸುಮ್ನೆ ಇಟ್ಟರೂ ಗಾಳಿಯ ತೇವಕ್ಕೆ ಅದು ಕೆಡುತ್ತದೆ, ಸೆಕೆಗೆ ಇನ್ನೂ ಬೇಗ. ಚೆಂದ ಕಂಡರೂ ಅಂಥವನ್ನೆಲ್ಲ ತೆಗೆದೆ. ಸಂಡೂರಿನ ಲಂಬಾಣಿ ಕಸೂತಿಯ ಚೀಲ ಮಾತ್ರ ಬಿಡಲಿಲ್ಲ. ಅದು ಕೈಕೆಲಸ, ಜಿಐ ಮಾನ್ಯತೆ (ಆ ಊರಿನದೇ ಎಂಬ ಸರ್ಕಾರಿ ಗುರುತು) ಇರುವ ಕಸೂತಿ. ಅದರಲ್ಲಿ ಹೊಲಿದ ಪುಟ್ಟ ಕನ್ನಡಿ ಬಿದ್ದರೆ ಮತ್ತೆ ಕೂರಿಸಬಹುದು.

ಜೀನ್ಸ್ ಸುಲಭ. ಜೀನ್ಸ್ ಹೊಲಿಯುವುದಕ್ಕೇ ಹೆಸರಾದ ಊರು ನಮ್ಮದು, ಸೊಂಟ ಬಿಗಿಯಾದದ್ದನ್ನು ಸಡಿಲ ಮಾಡಿಸಿದೆ.

ಇಳಕಲ್ ಸೀರೆಯಲ್ಲಿ ನೋಡಬೇಕಾದ್ದು ಸೆರಗು ಮತ್ತು ಒಡಲು ಸೇರುವ ಜಾಗ. ಅಲ್ಲಿ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜಾಗ ಗಟ್ಟಿ ಇದ್ದ ಸೀರೆಗಳನ್ನೆಲ್ಲ ಉಳಿಸಿಕೊಂಡೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಅದೇ ಗೆರೆಯಲ್ಲಿ ಸೀಳುತ್ತವೆ. ಈಗ ಮಡಿಕೆ ಬದಲಿಸಿ, ಪ್ಲಾಸ್ಟಿಕ್ ಕವರ್ ತೆಗೆದು, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ.