ಫೋಕಸ್ ಪ್ಯಾಡ್: ಹೊಡೆಯುವ ಮೊದಲು ಹಿಡಿಯುವುದನ್ನು ಕಲಿಯಿರಿ

ನನ್ನ ಕರಾಟೆ ಕ್ಲಾಸಿಗೆ ಹೊಸದಾಗಿ ಸೇರಿದವರಿಗೆ ಫೋಕಸ್ ಪ್ಯಾಡ್ (ಏಟು ತಡೆಯಲು ಎದುರಿನವರು ಅಂಗೈಗೆ ತೊಡುವ ಮೆತ್ತೆ) ಮೇಲೆ ಹೊಡೆಯಲು ನಾನು ಬಿಡುವುದಿಲ್ಲ. ಮೊದಲು ಹಿಡಿಯಲಿ. ಮಕ್ಕಳಿಗೆ ಇದು ಸೇರುವುದಿಲ್ಲ, "ಮಿಸ್, ನಮಗೆ ಹೊಡೆಯೋದು ಯಾವಾಗ ಹೇಳಿಕೊಡ್ತೀರಿ?" ಅಂತ ದಿನಾ ಕೇಳುತ್ತಾರೆ. ಕೇಳಲಿ. ಹೊಡೆಯುವವರ ಮಣಿಕಟ್ಟು ಉಳಿಯುವುದು, ಅಂತರದ ಅಂದಾಜು ಕೂಡುವುದು, ಕೈ ವಾಪಸು ಗದ್ದಕ್ಕೆ ಬರುವುದು, ಎಲ್ಲವೂ ಎದುರಿಗೆ ಪ್ಯಾಡ್ ಹಿಡಿದವರನ್ನೇ ನಂಬಿಕೊಂಡಿದೆ. ಕೆಟ್ಟದಾಗಿ ಹಿಡಿದ ಪ್ಯಾಡ್ ಮೇಲೆ ತಿಂಗಳುಗಟ್ಟಲೆ ಹೊಡೆದರೆ ಕೆಟ್ಟ ಪಂಚೇ ಗಟ್ಟಿಯಾಗುತ್ತದೆ.

ಕರಾಟೆಯ ಹಳೆಯ ಸಾಧನ ಮಾಕಿವಾರ. ನೆಲಕ್ಕೆ ಹುಗಿದ ಹಲಗೆ, ಅದರ ತುದಿಗೆ ಭತ್ತದ ಹುಲ್ಲಿನ ಹಗ್ಗ ಸುತ್ತಿರುತ್ತದೆ. 1922ರಲ್ಲಿ ಕರಾಟೆ ಗುರು ಗಿಚಿನ್ ಫುನಾಕೋಶಿ ಒಕಿನಾವಾದಿಂದ ಟೋಕಿಯೋಗೆ ಹೋಗಿ ಕರಾಟೆ ತೋರಿಸಿದ ಕಾಲಕ್ಕೂ ಮುಷ್ಟಿ ಪಳಗಿಸುವ ಮುಖ್ಯ ಸಾಧನ ಅದೇ. ಫೋಕಸ್ ಪ್ಯಾಡ್ ನಮಗೆ ಬಂದದ್ದು ಬಾಕ್ಸಿಂಗಿನಿಂದ. ಮಾಕಿವಾರ ನಿಂತಲ್ಲೇ ನಿಂತು ಏಟಿನ ಕೊನೆಯ ಬಿಗಿ, ಅಂದರೆ ಕಿಮೆ ಕಲಿಸುತ್ತದೆ. ಪ್ಯಾಡ್ ಓಡಾಡುತ್ತದೆ, ಹಿಂದೆ ಸರಿಯುತ್ತದೆ, ತಿರುಗಿ ಹೊಡೆಯುತ್ತದೆ. ಎದುರಾಳಿಯ ಮತ್ತು ನಮ್ಮ ನಡುವಿನ ಅಂತರವನ್ನು, ಡೋಜೋದಲ್ಲಿ (ಕರಾಟೆ ಕಲಿಯುವ ಜಾಗದಲ್ಲಿ) ಮಾ-ಆಯ್ ಅನ್ನುವುದನ್ನು, ಕಲಿಯಲು ನನಗೆ ಇದಕ್ಕಿಂತ ಒಳ್ಳೆಯ ಸಾಧನ ಕಂಡಿಲ್ಲ. ಟೆರೇಸ್ ಮೇಲೂ ಆಗುತ್ತದೆ, ಹಾಲ್‌ನಲ್ಲೂ ಆಗುತ್ತದೆ.

ಕೊಳ್ಳುವಾಗ ಸ್ವಲ್ಪ ಒಳಬಾಗಿದ ಜೋಡಿ ತೆಗೆದುಕೊಳ್ಳಿ. ಪೂರ್ತಿ ಚಪ್ಪಟೆಯಾದದ್ದರಲ್ಲಿ ಏಟು ಜಾರುತ್ತದೆ. ಅಂಗಡಿಯಲ್ಲೇ ಕೈ ತೂರಿಸಿ, ಇನ್ನೊಂದು ಕೈಯಿಂದ ಪ್ಯಾಡಿನ ನಡುವಿನ ಚುಕ್ಕೆಯನ್ನು ಒತ್ತಿ ನೋಡಿ. ಒತ್ತಿದ್ದು ಸರಿಯಾಗಿ ಅಂಗೈ ನಡುವಿಗೆ ಬರಬೇಕು. ಬೆರಳುಗಳ ಕಡೆಗೆ ಬಂದರೆ ಆ ಜೋಡಿ ಬೇಡ, ನಾಲ್ಕು ಏಟಿಗೇ ಹಿಡಿದವರ ಮಣಿಕಟ್ಟು ಹಿಂದಕ್ಕೆ ಮುರಿದಂತೆ ಬಾಗುತ್ತದೆ.

ಈಗ ಹಿಡಿಯುವ ವಿಷಯ. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಸಡಿಲ. ಗದ್ದ ಒಳಗೆ. ಮೊಣಕೈ ಅರ್ಧ ಮಡಚಿ ಪಕ್ಕೆಗೆ ಹತ್ತಿರ ಇರಲಿ. ಕೈ ನೇರ ಚಾಚಿ ಹಿಡಿದರೆ ಏಟಿನ ಭಾರವೆಲ್ಲ ಭುಜದ ಕೀಲಿಗೆ ಹೋಗುತ್ತದೆ. ಪ್ಯಾಡನ್ನು ಯಾವತ್ತೂ ನಿಮ್ಮ ಮುಖದ ಮುಂದೆ ಹಿಡಿಯಬೇಡಿ, ಒಂದು ಗೇಣು ಪಕ್ಕಕ್ಕಿರಲಿ. ಮೇಲ್ಮಟ್ಟದ ಏಟಿಗೆ, ಅಂದರೆ ಜೋದಾನ್‌ಗೆ, ಎತ್ತರ ಅಳೆಯಬೇಕಾದ್ದು ಹೊಡೆಯುವವರ ಗದ್ದದಿಂದ. ಮಗುವಿಗೆ ಹಿಡಿಯುವ ದೊಡ್ಡವರು ಒಂದು ಮಂಡಿ ಊರಿ ಕೂರಲಿ. ನಡುಮಟ್ಟದ ಚುದಾನ್‌ಗೆ ಪ್ಯಾಡನ್ನು ಹೊಡೆಯುವವರ ಎದೆಗೂಡಿನ ಕೆಳತುದಿಯ ಮಟ್ಟಕ್ಕೆ ಇಳಿಸಿ, ಆದರೆ ನಿಮ್ಮ ಹೊಟ್ಟೆಗೆ ಅಂಟಿಸಿಕೊಳ್ಳಬೇಡಿ.

ಏಟು ತಾಗುವ ಕ್ಷಣಕ್ಕೆ ಪ್ಯಾಡನ್ನು ಒಂದೆರಡು ಇಂಚು ಮುಂದಕ್ಕೆ ಒತ್ತಿ. ಅಷ್ಟೇ ಸಾಕು. ಚಪ್ಪಾಳೆ ಹೊಡೆಯುವವರ ಹಾಗೆ ಪ್ಯಾಡ್ ಬೀಸಿ ಏಟಿಗೆ ಹೊಡೆಯುವವರನ್ನು ಬಹಳ ನೋಡಿದ್ದೇನೆ. ಸದ್ದು ಜೋರಾಗಿ ಬರುತ್ತದೆ, ಹೊಡೆದವರಿಗೆ ಖುಷಿಯಾಗುತ್ತದೆ, ಅಂತರ ಮಾತ್ರ ತಪ್ಪಾಗಿಯೇ ಕಲಿತಿರುತ್ತಾರೆ. ಇದಕ್ಕಿಂತ ಅಪಾಯದ್ದು ತಮಾಷೆಗೆ ಕೊನೆ ಗಳಿಗೆಯಲ್ಲಿ ಪ್ಯಾಡ್ ಎಳೆದುಕೊಳ್ಳುವುದು. ಪೂರ್ತಿ ಬಲದಿಂದ ಬಂದ ಕೈಗೆ ತಡೆ ಸಿಗದಿದ್ದರೆ ಮೊಣಕೈ ತನ್ನ ಮಿತಿ ಮೀರಿ ಹಿಂದಕ್ಕೆ ಚಾಚಿಕೊಳ್ಳುತ್ತದೆ, ಆ ನೋವು ವಾರಗಟ್ಟಲೆ ಕಾಡುತ್ತದೆ. ನನ್ನ ಕ್ಲಾಸಿನಲ್ಲಿ ಹೀಗೆ ಮಾಡಿದವರಿಗೆ ಆವತ್ತು ಪ್ಯಾಡ್ ಇಲ್ಲ.

ಇನ್ನು ಹೊಡೆಯುವವರು. ಸೇಕೆನ್ ಅಂದರೆ ಮುಷ್ಟಿಯ ಮೊದಲ ಎರಡು ಗೆಣ್ಣುಗಳು, ತೋರುಬೆರಳು ಮತ್ತು ನಡುಬೆರಳಿನವು. ಏಟು ಅಲ್ಲೇ ಕೂರಬೇಕು. ಕಿರುಬೆರಳಿನ ಕಡೆ ಕೂತರೆ ಆ ಬೆರಳಿನ ಬುಡದ ಅಂಗೈ ಮೂಳೆ ಮುರಿಯಬಹುದು, ಬಾಕ್ಸರ್ ಫ್ರ್ಯಾಕ್ಚರ್ ಅನ್ನುವುದು ಇದನ್ನೇ. ಬಾಯಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಈ ವಿಷಯವನ್ನು ಒಂದು ಸೀಮೆಸುಣ್ಣದ ತುಂಡು ಹೇಳಿಕೊಡುತ್ತದೆ. ನಾಲ್ಕೂ ಗೆಣ್ಣಿಗೆ ಸುಣ್ಣ ಉಜ್ಜಿ, ಕಪ್ಪು ಪ್ಯಾಡ್ ಮೇಲೆ ಮೆಲ್ಲಗೆ ಒಂದೇ ಒಂದು ಗ್ಯಾಕು-ಜುಕಿ, ಅಂದರೆ ಹಿಂದಿನ ಕೈಯ ನೇರ ಪಂಚ್, ಹೊಡೆಸಿ. ಗುರುತು ನೋಡಿ. ಎರಡು ದುಂಡು ಚುಕ್ಕೆ ಅಕ್ಕಪಕ್ಕ ಬಿದ್ದಿದ್ದರೆ ಮಣಿಕಟ್ಟು ನೇರವಾಗಿದೆ. ಮೂರನೆಯದು, ನಾಲ್ಕನೆಯದು ಕೂಡ ಬಿದ್ದಿದ್ದರೆ ಮುಷ್ಟಿ ಹೊರಗೆ ವಾಲಿದೆ. ಚುಕ್ಕೆಯ ಬದಲು ಉದ್ದ ಗೀರು ಎಳೆದಿದ್ದರೆ ಮೊಣಕೈ ಪಕ್ಕೆ ಬಿಟ್ಟು ಹೊರಗಿನಿಂದ ಸುತ್ತಿ ಬಂದಿದೆ. ಒರೆಸಿ, ಮತ್ತೆ ಉಜ್ಜಿ, ಮತ್ತೆ ಹೊಡೆಸಿ. ಒಂಬತ್ತು ವರ್ಷದ ಹುಡುಗಿಯೂ ತನ್ನ ಗುರುತನ್ನು ತಾನೇ ಓದಿಕೊಂಡು, ನಾನು ಬಾಯಿ ತೆರೆಯುವ ಮೊದಲೇ ಕೈ ಸರಿ ಮಾಡಿಕೊಳ್ಳುತ್ತಾಳೆ.

ಗ್ಯಾಕು-ಜುಕಿಯ ಬಲ ಹಿಂದಿನ ಕಾಲಿನಿಂದ ಬರುತ್ತದೆ. ಹಿಂದಿನ ಪಾದ ನೆಲ ಒತ್ತಬೇಕು, ಸೊಂಟ ತಿರುಗಬೇಕು, ಆಮೇಲೆ ಮುಷ್ಟಿ. ತಾಗುವಾಗ ಮೊಣಕೈಯಲ್ಲಿ ತುಸು ಬಾಗು ಉಳಿದಿರಲಿ, ಏಟು ಪ್ಯಾಡಿನೊಳಗೆ ಎರಡು ಇಂಚು ಇಳಿಯುವಷ್ಟು ಹತ್ತಿರ ನಿಂತಿರಿ. ಭುಜ ಕಿವಿಯ ತನಕ ಎದ್ದಿದ್ದರೆ ಉಸಿರು ಕಟ್ಟಿದ್ದಾರೆ ಅಂತ ಅರ್ಥ, ಕಿಯಾಯ್, ಅಂದರೆ ಏಟಿನ ಜೊತೆಗಿನ ಕೂಗು, ಕೂಗಿಸಿ, ತಾನಾಗಿ ಇಳಿಯುತ್ತದೆ.

ನೇರ ಪಂಚುಗಳಿಗೆ ಎದುರಿನ ಪ್ಯಾಡನ್ನೇ ಕೊಡಿ: ಅವರ ಬಲಗೈಗೆ ನಿಮ್ಮ ಎಡಗೈ. ಸುತ್ತಿ ಬರುವ ಏಟಿಗೆ ಲೆಕ್ಕ ಬೇರೆ. ಅವರ ಬಲಗಾಲಿನ ಮವಾಶಿ-ಗೆರಿ, ಅಂದರೆ ಸುತ್ತಿ ಬರುವ ಒದೆತ, ನಿಮ್ಮ ಎಡಗಡೆಯಿಂದ ಬರುತ್ತದೆ. ಅದಕ್ಕೆ ನಿಮ್ಮ ಬಲಗೈ ಪ್ಯಾಡನ್ನು ಮುಂದೆ ತಂದು ಅಂಗೈ ಎಡಕ್ಕೆ ತಿರುಗಿಸಿ, ಇನ್ನೊಂದು ಪ್ಯಾಡನ್ನು ಅದರ ಹಿಂದೆ ಆನಿಸಿ. ಎಡಗೈಯ ಉರಾಕೆನ್‌ಗೂ (ಮುಷ್ಟಿಯ ಹಿಂಬದಿಯ ಏಟು) ಬಲಗೈಯ ಶುತೋಗೂ (ಅಂಗೈ ಅಂಚಿನ ಏಟು) ನಿಮ್ಮ ಅದೇ ಬಲಗೈ ಪ್ಯಾಡ್, ಅದೇ ತಿರುವು. ಇವನ್ನು ಮೊದಲು ನಿಧಾನವಾಗಿ, ಬಾಯಲ್ಲಿ ಏಟಿನ ಹೆಸರು ಹೇಳುತ್ತಾ ಮಾಡಿ. ಮೇ-ಗೆರಿಗೆ, ಅಂದರೆ ಮುಂದಕ್ಕೆ ನೇರ ಒದೆಯುವುದಕ್ಕೆ, ಮಾತ್ರ ಈ ಪ್ಯಾಡ್ ಬೇಡ. ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ, ಹಿಡಿದವರ ಬೆರಳೂ ಉಳುಕುತ್ತದೆ. ದಪ್ಪನೆಯ ಕಿಕ್ ಶೀಲ್ಡ್ ಬಳಸಿ.

ಒಂದೊಂದೇ ಏಟು ಕೂತ ಮೇಲೆ ಜೋಡಿಸಿ. ಕಿಜಾಮಿ-ಜುಕಿ, ಅಂದರೆ ಮುಂದಿನ ಕೈಯ ಪಂಚ್, ಅದರ ಹಿಂದೆಯೇ ಗ್ಯಾಕು-ಜುಕಿ. ಆಮೇಲೆ ಹಿಡಿದವರು ಒಂದು ಹೆಜ್ಜೆ ಹಿಂದೆ ಸರಿಯಲಿ, ಹೊಡೆಯುವವರು ಹೆಜ್ಜೆ ಸೇರಿಸಿ ಬರಲಿ. ನನಗೆ ಬಹಳ ಇಷ್ಟವಾದ ಅಭ್ಯಾಸ ಇನ್ನೊಂದಿದೆ. ಎರಡೂ ಪ್ಯಾಡುಗಳನ್ನು ತೊಡೆಗೆ ಅಂಟಿಸಿ, ಸುಮ್ಮನೆ ಓಡಾಡುತ್ತಿರುತ್ತೇನೆ. ಎಣಿಕೆ ಇಲ್ಲ, ಸೂಚನೆ ಇಲ್ಲ. ಯಾವುದೋ ಗಳಿಗೆಯಲ್ಲಿ ಒಂದು ಪ್ಯಾಡ್ ಮೇಲೆದ್ದು ಮತ್ತೆ ಇಳಿಯುತ್ತದೆ. ಅಷ್ಟರೊಳಗೆ ಏಟು ಬೀಳಬೇಕು. ಹೊಡೆದ ಕೈ ಗದ್ದಕ್ಕೆ ವಾಪಸು ಬರದಿದ್ದರೆ ಇನ್ನೊಂದು ಪ್ಯಾಡ್ ಹೋಗಿ ಕೆನ್ನೆ ಪಕ್ಕ ಮೆತ್ತಗೆ ತಟ್ಟುತ್ತದೆ. ಎರಡು ಸಲ ತಟ್ಟಿಸಿಕೊಂಡವರು ಮೂರನೆಯ ಸಲ ಕೈ ಬಿಡುವುದಿಲ್ಲ. ಹಿರಿಯರ ಕುಮಿತೆ, ಅಂದರೆ ಇಬ್ಬರು ಎದುರುಬದುರು ಕಾದಾಡುವ ಪಂದ್ಯ, ಸಾಮಾನ್ಯವಾಗಿ 3 ನಿಮಿಷದ್ದು. ಪಂದ್ಯಕ್ಕೆ ತಯಾರಾಗುವವರು ಒಂದು ಸುತ್ತನ್ನು ಅಷ್ಟಕ್ಕೇ ಇಟ್ಟುಕೊಳ್ಳಿ, ನಡುವೆ 1 ನಿಮಿಷ ವಿಶ್ರಾಂತಿ.

ಪ್ಯಾಡಿಗೆ ಒಗ್ಗಿದ ಕೈಗೆ ಕಂಡದ್ದನ್ನೆಲ್ಲ ಗುದ್ದುವ ಚಟ ಹತ್ತುತ್ತದೆ. ಕುಮಿತೆಯಲ್ಲಿ ಅತಿಯಾದ ಹೊಡೆತಕ್ಕೆ ದಂಡನೆ ಇದೆ, ಅದಕ್ಕಿಂತ ಮುಖ್ಯವಾಗಿ ಎದುರಿಗಿರುವುದು ನಮ್ಮ ಜೊತೆಗಾರರ ಮುಖ. ಅದಕ್ಕೇ ಕೊನೆಯ ಸುತ್ತನ್ನು ನಾನು ಸುನ್‌ದೋಮೆಗೆ ಮೀಸಲಿಡುತ್ತೇನೆ: ವೇಗ ಪೂರ್ತಿ, ಆದರೆ ಮುಷ್ಟಿ ಪ್ಯಾಡಿನ ಚರ್ಮಕ್ಕೆ ಕೂದಲೆಳೆ ದೂರದಲ್ಲಿ ನಿಲ್ಲಬೇಕು. ಸದ್ದು ಬಂದರೆ ತಪ್ಪು. ಜೋರಾಗಿ ಹೊಡೆಯುವ ಹುಡುಗರು ಬೆವರುವುದು ಈ ಸುತ್ತಿನಲ್ಲಿ.

ಮನೆಯಲ್ಲಿ ಮಾಡುವವರಿಗೆ ಒಂದಿಷ್ಟು. ಮಗಳಿಗೆ ಅಮ್ಮ ಪ್ಯಾಡ್ ಹಿಡಿಯುವುದು ನನಗೆ ಬಹಳ ಸಂತೋಷದ ವಿಷಯ, ಎಷ್ಟೋ ಅಮ್ಮಂದಿರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಬಳೆ, ಉಂಗುರ, ವಾಚು ತೆಗೆದಿಡಿ. ಮಕ್ಕಳು ಬರಿಗೈಯಲ್ಲಿ ಜೋರಾಗಿ ಹೊಡೆಯುವುದು ಬೇಡ, ಗ್ಲೌಸ್ ಇರಲಿ. ಎರಡು ಸುತ್ತಿಗೊಮ್ಮೆ ಜಾಗ ಬದಲಿಸಿ, ಹಿಡಿದವರ ಭುಜಕ್ಕೂ ದಣಿವಾಗುತ್ತದೆ. ಏಟು ಸೊಟ್ಟಗೆ ಬೀಳಲು ಶುರುವಾದರೆ ಗಡಿಯಾರ ನೋಡಬೇಡಿ, ಆವತ್ತಿಗೆ ನಿಲ್ಲಿಸಿ. ಮುಗಿದ ಮೇಲೆ ಪ್ಯಾಡಿನ ಒಳಭಾಗವನ್ನು ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ನೇತುಹಾಕಿ. ಬಿಸಿಲಿಗಿಟ್ಟರೆ ಮೇಲಿನ ರೆಕ್ಸಿನ್ ಬಿರಿಯುತ್ತದೆ, ಮಳೆಗಾಲದಲ್ಲಿ ಹಾಗೇ ಬ್ಯಾಗಿಗೆ ತುರುಕಿದರೆ ಮರುದಿನವೇ ಬೂಷ್ಟು ಹಿಡಿದಿರುತ್ತದೆ.