ಸ್ಕಾಟ್ಲೆಂಡಿನ ಗಡಿಕಾಡಿನಲ್ಲಿ ಸೈಕಲ್: ಗ್ಲೆಂಟ್ರೆಸ್‌ನಿಂದ ಕೆರ್ಶೋಪ್ ಹಳ್ಳದವರೆಗೆ

ಎಡಿನ್‌ಬರಾಗೆ ಓದಲೋ ಕೆಲಸಕ್ಕೋ ಬಂದ ನಮ್ಮವರು ರಜೆ ಸಿಕ್ಕರೆ ಉತ್ತರಕ್ಕೆ, ಹೈಲ್ಯಾಂಡ್ಸ್ ಕಡೆಗೇ ಹೊರಡುತ್ತಾರೆ. ದಕ್ಷಿಣಕ್ಕೆ ತಿರುಗುವವರು ಕಡಿಮೆ. ಆದರೆ ಕಾಡಿನ ಗುಡ್ಡದಲ್ಲಿ ಸೈಕಲ್ ತುಳಿಯುವ ಆಸೆ ಇದ್ದರೆ ದಕ್ಷಿಣಕ್ಕೇ ಹೋಗಬೇಕು. ಟ್ವೀಡ್ ನದಿಯ ಕಣಿವೆಯಿಂದ ಇಂಗ್ಲೆಂಡಿನ ಗಡಿವರೆಗೆ ಹಬ್ಬಿರುವ ಈ ಸೀಮೆಗೆ ಬಾರ್ಡರ್ಸ್ ಅಂತಲೇ ಹೆಸರು.

ನನ್ನ ಸಲಹೆ ಇಷ್ಟೇ. ಮೊದಲು ಗ್ಲೆಂಟ್ರೆಸ್ ಕಾಡಿನಲ್ಲಿ ಎರಡು ಮೂರು ಸಲ ಸರಿಯಾಗಿ ಕಲಿಯಿರಿ, ಆಮೇಲೆ ನ್ಯೂಕ್ಯಾಸಲ್‌ಟನ್‌ಗೆ ಹೋಗಿ ಗಡಿ ದಾಟಿ ಬನ್ನಿ. ನ್ಯೂಕ್ಯಾಸಲ್‌ಟನ್ ದಾರಿಗಳು ಗ್ಲೆಂಟ್ರೆಸ್‌ಗಿಂತ ಕಷ್ಟ ಅಂತಲ್ಲ. ಅಲ್ಲಿ ಜನ ಕಡಿಮೆ, ಫೋನ್ ಸಿಗ್ನಲ್ ಇನ್ನೂ ಕಡಿಮೆ. ಬಿದ್ದರೆ, ಚೈನು ತುಂಡಾದರೆ ನಿಮ್ಮನ್ನು ನೀವೇ ನೋಡಿಕೊಳ್ಳಬೇಕು. ಅದನ್ನು ಬೇರೆ ಕಡೆ ಕಲಿತು ಹೋಗುವುದು ಒಳ್ಳೆಯದು ಅಲ್ವಾ?

ಗ್ಲೆಂಟ್ರೆಸ್ ಇರುವುದು ಪೀಬಲ್ಸ್ ಊರಿನ ಪಕ್ಕದಲ್ಲಿ. ಎಡಿನ್‌ಬರಾದಿಂದ ಪೀಬಲ್ಸ್ 37 ಕಿ.ಮೀ. ಆಸುಪಾಸು, ಬಸ್ಸಿದೆ. 2023ರ ಆಗಸ್ಟಿನಲ್ಲಿ ವಿಶ್ವ ಸೈಕ್ಲಿಂಗ್ ಚಾಂಪಿಯನ್‌ಶಿಪ್‌ನ ಕ್ರಾಸ್ ಕಂಟ್ರಿ ಸ್ಪರ್ಧೆ ನಡೆದದ್ದು ಇದೇ ಕಾಡಿನಲ್ಲಿ. ಹಾಗಂತ ಹೆದರಬೇಡಿ, ಇದೇ ಕಾಡಿನಲ್ಲಿ ಮಕ್ಕಳೂ ತುಳಿಯುತ್ತಾರೆ. ಸೈಕಲ್ ಬಾಡಿಗೆಗೆ ಸಿಗುತ್ತದೆ. ಶನಿವಾರ, ಭಾನುವಾರಕ್ಕೆ ಮೊದಲೇ ಬುಕ್ ಮಾಡಿಟ್ಟುಕೊಳ್ಳಿ.

ದಾರಿಗಳಿಗೆ ಬಣ್ಣ ಕೊಟ್ಟಿದ್ದಾರೆ. ಹಸಿರು ತುಂಬ ಸುಲಭ, ನೀಲಿ ಸ್ವಲ್ಪ ಸವಾಲು, ಕೆಂಪು ಕಷ್ಟ, ಕಪ್ಪು ಬಹಳ ಕಷ್ಟ. ಊರಿನಲ್ಲಿ ವರ್ಷಗಟ್ಟಲೆ ಸೈಕಲ್ ಹೊಡೆದಿದ್ದೇನೆ, ನೇರ ಕೆಂಪಿಗೇ ಹೋಗುತ್ತೇನೆ ಅನ್ನಬೇಡಿ. ರಸ್ತೆಯ ಸೈಕಲ್ಲೇ ಬೇರೆ, ಇದೇ ಬೇರೆ. ನಾನು ಮೊದಲ ದಿನ ನೀಲಿ ದಾರಿಯಲ್ಲೇ ಒಂದು ಒದ್ದೆ ಬೇರಿನ ಮೇಲೆ ಬ್ರೇಕ್ ಹಿಡಿದು ಬಿದ್ದೆ, ಮೊಣಕೈ ಎರಡು ವಾರ ನೋಯುತ್ತಿತ್ತು. ಇಡೀ ದಿನ ನೀಲಿಯನ್ನೇ ಎರಡು ಸುತ್ತು ಹಾಕಿ. ಎರಡನೇ ಸುತ್ತಿನಲ್ಲಿ ಎಲ್ಲೂ ಕಾಲು ನೆಲಕ್ಕೆ ಊರದೆ ಇಳಿದು ಬಂದರೆ, ಮುಂದಿನ ಸಲ ಕೆಂಪಿಗೆ ಹೋಗಬಹುದು.

ಈಗ ಮುಖ್ಯ ವಿಷಯ, ಇಳಿಜಾರು. ಇಳಿಯುವಾಗ ಸೀಟಿನ ಮೇಲೆ ಕೂರಬಾರದು. ಈಗಿನ ಸೈಕಲ್‌ಗಳಲ್ಲಿ ಹ್ಯಾಂಡಲ್ ಪಕ್ಕ ಒಂದು ಗುಂಡಿ ಇರುತ್ತದೆ, ಒತ್ತಿ ಕುಳಿತರೆ ಸೀಟು ಕೆಳಗಿಳಿಯುತ್ತದೆ. ಇಳಿಜಾರಿಗೆ ಮೊದಲೇ ಇಳಿಸಿಬಿಡಿ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿ ಇಟ್ಟು ಅವುಗಳ ಮೇಲೆ ನಿಲ್ಲಿ, ಮಂಡಿ ಸಡಿಲ ಬಿಡಿ, ಮೊಣಕೈ ಹೊರಗೆ ಅಗಲಿಸಿ. ಭಾರವೆಲ್ಲ ಪಾದದಲ್ಲಿರಬೇಕು, ಕೈಯಲ್ಲಲ್ಲ. ಕೈ ಜಾಸ್ತಿ ನೋಯುತ್ತಿದೆ ಅಂದರೆ ನೀವು ಹ್ಯಾಂಡಲ್ ಮೇಲೆ ಒರಗಿದ್ದೀರಿ ಅಂತ ಅರ್ಥ.

ಕಣ್ಣು ಮುಂದಿನ ಚಕ್ರದ ಮೇಲಿದ್ದರೆ ಕೆಲಸ ಕೆಟ್ಟಿತು. ದೂರ ನೋಡಿ, ತಿರುವು ಮುಗಿಯುವ ಜಾಗ ನೋಡಿ. ಕಣ್ಣು ಹೋದ ಕಡೆ ಸೈಕಲ್ ಹೋಗುತ್ತದೆ. ಮರವನ್ನೇ ದಿಟ್ಟಿಸಿದರೆ ಮರಕ್ಕೇ ಹೋಗುತ್ತೀರಿ.

ಬ್ರೇಕ್ ಲಿವರ್ ಮೇಲೆ ಒಂದೇ ಬೆರಳು ಸಾಕು, ಡಿಸ್ಕ್ ಬ್ರೇಕ್‌ಗೆ ಅಷ್ಟು ಶಕ್ತಿ ಇದೆ. ಬಲಗೈಯದು ಮುಂದಿನ ಚಕ್ರಕ್ಕೆ, ನಮ್ಮೂರಿನಂತೆಯೇ. ವೇಗ ಕಡಿಮೆ ಮಾಡುವುದೆಲ್ಲ ತಿರುವಿಗೆ ಮೊದಲೇ ಮುಗಿಯಬೇಕು, ತಿರುವಿನೊಳಗೆ ಬ್ರೇಕ್ ಬಿಟ್ಟು ಸೈಕಲ್ ಉರುಳಲು ಬಿಡಿ. ಮರದ ಬೇರುಗಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ, ಯಾಕೆಂದರೆ ಇದು ಸ್ಪ್ರೂಸ್ ಕಾಡು, ಒತ್ತೊತ್ತಾಗಿ ನೆಟ್ಟ ಮರಗಳ ಕೆಳಗೆ ಬಿಸಿಲು ಬೀಳುವುದೇ ಇಲ್ಲ, ಮಳೆ ನಿಂತು ಎರಡು ದಿನವಾದರೂ ಬೇರುಗಳು ಸೋಪು ಹಚ್ಚಿದ ಹಾಗೆ ಜಾರುತ್ತಿರುತ್ತವೆ. ಬೇರನ್ನು ಓರೆಯಾಗಿ ಹತ್ತಬೇಡಿ, ನೇರವಾಗಿ ಅಡ್ಡ ದಾಟಿ. ದಾಟುವ ಆ ಕ್ಷಣ ಬ್ರೇಕ್ ಮುಟ್ಟಬೇಡಿ.

ಹತ್ತುವಾಗ ಕೂತೇ ತುಳಿಯಿರಿ. ಎದ್ದು ನಿಂತರೆ ಹಿಂದಿನ ಚಕ್ರ ಕೆಸರಿನಲ್ಲಿ ಸುಮ್ನೆ ತಿರುಗುತ್ತದೆ. ಏರು ಶುರುವಾಗುವ ಮೊದಲೇ ಗೇರು ಇಳಿಸಿಕೊಳ್ಳಿ, ನಡುವೆ ಬದಲಿಸಿದರೆ ಚೈನಿಗೆ ಪೆಟ್ಟು.

ಹೆಲ್ಮೆಟ್, ಪೂರ್ತಿ ಬೆರಳು ಮುಚ್ಚುವ ಗ್ಲೌಸ್, ಮಂಡಿ ಕವಚ, ಮಳೆ ಜಾಕೆಟ್ ಇರಲೇಬೇಕು. ಚೀಲದಲ್ಲಿ ಒಂದು ಟ್ಯೂಬು, ಪಂಪು, ಟೈರ್ ಬಿಚ್ಚುವ ಸಲಾಕೆ, ಚೈನ್ ಟೂಲ್. ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಒಂದು ಸಲ ಮಾಡಿ ನೋಡಿ. ತಿನ್ನಲು ನಾನು ಕಡಲೆ ಚಿಕ್ಕಿ ಮತ್ತು ಚಟ್ನಿಪುಡಿ ಸವರಿ ಸುತ್ತಿದ ಚಪಾತಿ ಒಯ್ಯುತ್ತೇನೆ. ಅಂಗಡಿಯ ಎನರ್ಜಿ ಬಾರ್‌ಗಿಂತ ಚಿಕ್ಕಿಯೇ ಮೇಲು.

ಗ್ಲೆಂಟ್ರೆಸ್‌ನ ಕೆಂಪು ದಾರಿ ಕೈವಶವಾದ ಮೇಲೆ ಗಡಿಯ ಕಡೆ ಹೊರಡಿ. ನ್ಯೂಕ್ಯಾಸಲ್‌ಟನ್ ಲಿಡ್ಸ್‌ಡೇಲ್ ಕಣಿವೆಯಲ್ಲಿ 1793ರಲ್ಲಿ ಯೋಜನೆ ಹಾಕಿ ಕಟ್ಟಿದ ಪುಟ್ಟ ಊರು. ರೈಲಿತ್ತು, 1969ರಲ್ಲಿ ನಿಂತುಹೋಯಿತು. ಹಾಗಾಗಿ ಕಾರು ಇರುವ ಗೆಳೆಯರನ್ನು ಹಿಡಿಯಿರಿ. ಊರಿನ ಹತ್ತಿರದ ಡೈಕ್‌ಕ್ರಾಫ್ಟ್ಸ್ ಎಂಬಲ್ಲಿಂದ ದಾರಿಗಳು ಶುರು. ಸೈಕಲ್ ಮತ್ತು ಊಟ ಎರಡನ್ನೂ ಜೊತೆಯಲ್ಲೇ ತನ್ನಿ.

ಈ ಕಣಿವೆಯ ಕಥೆ ಗೊತ್ತಿದ್ದರೆ ತುಳಿಯುವ ಖುಷಿಯೇ ಬೇರೆ. ಸುಮಾರು 300 ವರ್ಷ ಇಲ್ಲಿ ಗಡಿಯ ಲೂಟಿಕೋರರಾದ ರೀವರ್‌ಗಳ ಕಾಲ. ಆರ್ಮ್‌ಸ್ಟ್ರಾಂಗ್, ಎಲಿಯಟ್, ನಿಕ್ಸನ್ ಮುಂತಾದ ಮನೆತನಗಳು ರಾತ್ರಿ ಕುದುರೆ ಏರಿ ಗಡಿ ದಾಟಿ ದನ ಹೊಡೆದುಕೊಂಡು ಬರುತ್ತಿದ್ದವು. ಇಂಗ್ಲೆಂಡಿನವರು ಈ ಕಡೆ, ಸ್ಕಾಟ್ಲೆಂಡಿನವರು ಆ ಕಡೆ. ನಾವು ದಿನಾ ಬಳಸುವ ಬ್ಲ್ಯಾಕ್‌ಮೇಲ್ ಪದ ಹುಟ್ಟಿದ್ದು ಈ ಸೀಮೆಯಲ್ಲಿ, ಲೂಟಿ ಮಾಡದೆ ಬಿಡಲು ರೈತರು ಕೊಡುತ್ತಿದ್ದ ಕಪ್ಪಕ್ಕೆ ಆ ಹೆಸರು. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಇದೇ ಹೆಸರಿನವರು. 1972ರಲ್ಲಿ ಪಕ್ಕದ ಲ್ಯಾಂಗ್‌ಹೋಮ್ ಪಟ್ಟಣ ಅವರನ್ನು ಕರೆಸಿ ಗೌರವಿಸಿತ್ತು.

ಆಗ ಇಲ್ಲಿ ಈ ಕಾಡು ಇರಲಿಲ್ಲ, ಬೋಳು ಗುಡ್ಡ ಮತ್ತು ಜೌಗು ನೆಲ. ಮೊದಲ ಮಹಾಯುದ್ಧದಲ್ಲಿ ಮರಕ್ಕೆ ಕೊರತೆ ಬಿದ್ದ ಮೇಲೆ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗ ಮಾಡಿ ಸಾಲುಸಾಲಾಗಿ ನೆಡಿಸಿತು. ಅಂದರೆ ಇದು ಕಡಿಯಲೆಂದೇ ಬೆಳೆಸಿದ ಕಾಡು. ಮರ ಕಡಿಯುತ್ತಿದ್ದಾರೆ, ದಾರಿ ಮುಚ್ಚಿದೆ ಅಂತ ಬೋರ್ಡು ಇದ್ದರೆ ದಯವಿಟ್ಟು ನುಗ್ಗಬೇಡಿ. ಲಾರಿ ಓಡಾಡುವ ಅಗಲ ದಾರಿಗೆ ಸೇರುವಾಗ ನಿಂತು ನೋಡಿ. ಕುರಿಗಳ ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಿ.

ಇಲ್ಲಿಂದ ಕೆಂಪು ಗುರುತಿನ ದಾರಿಯೊಂದು ಗಡಿಯತ್ತ ಹೋಗುತ್ತದೆ. ಗಡಿ ಅಂದರೆ ಗೋಡೆಯಲ್ಲ, ತಂತಿಬೇಲಿಯಲ್ಲ, ಕೆರ್ಶೋಪ್ ಎಂಬ ಹಳ್ಳ. ಇದೇ ಹಳ್ಳದ ದಡದಲ್ಲಿ ಎರಡೂ ರಾಜ್ಯದ ಅಧಿಕಾರಿಗಳು ಕದನವಿರಾಮದ ದಿನ ಸೇರಿ ದೂರು ತೀರ್ಮಾನ ಮಾಡುತ್ತಿದ್ದರು. 1596ರಲ್ಲಿ ಅಂಥ ಒಂದು ದಿನ ಮುಗಿಸಿ ಮನೆಗೆ ಹೋಗುತ್ತಿದ್ದ ಸ್ಕಾಟ್ಲೆಂಡಿನ ರೀವರ್ ಕಿನ್ಮಾಂಟ್ ವಿಲ್ಲಿ ಆರ್ಮ್‌ಸ್ಟ್ರಾಂಗ್‌ನನ್ನು ಇಂಗ್ಲೆಂಡಿನವರು ಮಾತು ಮುರಿದು ಹಿಡಿದುಕೊಂಡು ಹೋದರು. ಸ್ಕಾಟ್ಲೆಂಡಿನವರು ಕಾರ್ಲೈಲ್ ಕೋಟೆಗೆ ರಾತ್ರಿ ನುಗ್ಗಿ ಬಿಡಿಸಿಕೊಂಡು ಬಂದರು. 1603ರಲ್ಲಿ ಎರಡೂ ರಾಜ್ಯಕ್ಕೆ ಒಬ್ಬನೇ ರಾಜನಾದ ಮೇಲೆ ರೀವರ್‌ಗಳ ಕಾಲ ಮುಗಿಯುತ್ತಾ ಬಂತು.

ಸೇತುವೆ ದಾಟಿದರೆ ಇಂಗ್ಲೆಂಡ್. ಇಲ್ಲಿ ಒಂದು ವಿಷಯ ನೆನಪಿಡಿ, ಕಾನೂನು ಬದಲಾಗುತ್ತದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯಂತೆ ಜವಾಬ್ದಾರಿಯಿಂದ ನಡೆದುಕೊಂಡರೆ ಹೆಚ್ಚುಕಡಿಮೆ ಎಲ್ಲ ಗುಡ್ಡಕಾಡಿನಲ್ಲೂ ಸೈಕಲ್ ತುಳಿಯುವ ಹಕ್ಕಿದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಅರಣ್ಯ ಇಲಾಖೆಯ ಅನುಮತಿಗೆ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಇಂಗ್ಲೆಂಡಿನಲ್ಲಿ ಹಾಗಿಲ್ಲ, ಕಾಲುದಾರಿ ಎಂದು ಗುರುತಿಸಿದ ಕಡೆ ಸೈಕಲ್‌ಗೆ ಹಕ್ಕಿಲ್ಲ, ಕುದುರೆ ದಾರಿ ಇಲ್ಲವೇ ಸೈಕಲ್‌ಗೆಂದೇ ಬಿಟ್ಟ ದಾರಿ ಆಗಬೇಕು. ಆದ್ದರಿಂದ ಹಳ್ಳದ ಆಚೆ ಗುರುತಿನ ದಾರಿ ಬಿಟ್ಟು ಇಳಿಯಬೇಡಿ.

ಮೇ ಮತ್ತು ಸೆಪ್ಟೆಂಬರ್ ನನಗೆ ಇಷ್ಟ. ಜೂನ್, ಜುಲೈಯಲ್ಲಿ ರಾತ್ರಿ 10ರ ಹತ್ತಿರದವರೆಗೂ ಬೆಳಕಿರುತ್ತದೆ, ಆದರೆ ನೊರಜಿನಂಥ ಮಿಜ್‌ಗಳು ನಿಂತಲ್ಲಿ ಮುತ್ತಿಕೊಂಡು ಕಚ್ಚುತ್ತವೆ. ಡಿಸೆಂಬರಿನಲ್ಲಿ 4 ಗಂಟೆಗೆಲ್ಲ ಕತ್ತಲು, ಆಗ ಹೋಗಲೇಬೇಡಿ. ಹೊರಡುವ ಮೊದಲು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಯಾರಿಗಾದರೂ ಹೇಳಿ. ನಕ್ಷೆ ಫೋನಿನಲ್ಲಿ ಇಳಿಸಿಟ್ಟುಕೊಂಡಿದ್ದರೂ ಕಾಗದದ್ದೂ ಒಂದಿರಲಿ. register ಎಂದು ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಎಸ್ಸೆಮ್ಮೆಸ್ ಕಳಿಸಿ ಮೊದಲೇ ನೋಂದಾಯಿಸಿಕೊಂಡಿದ್ದರೆ, ಕರೆ ಹೋಗದಷ್ಟು ಸಿಗ್ನಲ್ ಇರುವ ಕಡೆಯಿಂದಲೂ ಮೆಸೇಜಿನಲ್ಲಿ ಸಹಾಯ ಕೇಳಬಹುದು.

ಗಡಿಯ ದಾರಿಯಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ, ನಡುವೆ ತೂತು. ಒಬ್ಬರು ಆ ಕಡೆ, ಒಬ್ಬರು ಈ ಕಡೆ ನಿಂತು ತೂತಿನೊಳಗೆ ಕೈಕುಲುಕಬಹುದು. ಚಿಕ್ಕಿ ಅಲ್ಲೇ ಬಿಚ್ಚಿ, ಚೆನ್ನಾಗಿ ದಣಿವಾರಿಸಿಕೊಳ್ಳಿ, ವಾಪಸ್ ಬರುವಾಗ ಏರು ಇದೆ.

ಮನೆಗೆ ಬಂದ ಮೇಲೆ ಸೈಕಲ್ ತೊಳೆದು ಚೈನಿಗೆ ಎಣ್ಣೆ ಬಿಡಿ. ಆಮೇಲೆ ಮಂಡಿ ಹಿಂದೆ, ಕಂಕುಳು, ಸೊಂಟದ ಪಟ್ಟಿ ಕೂರುವ ಜಾಗ ಎಲ್ಲ ಉಣುಗು ಕಚ್ಚಿ ಕೂತಿದೆಯಾ ಅಂತ ನೋಡಿಕೊಳ್ಳಿ. ಮಲೆನಾಡಿನವರಿಗೆ ಉಣುಗು ಅಂದ ಕೂಡಲೇ ಮಂಗನ ಕಾಯಿಲೆ ನೆನಪಾಗುತ್ತದೆ, ಇಲ್ಲಿನ ಉಣುಗು ತರುವುದು ಲೈಮ್ ಕಾಯಿಲೆ. ಕಚ್ಚಿ ಕೂತಿದ್ದರೆ ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ಅಂಟಿಸಿ ಹಿಡಿದು ಮೆಲ್ಲಗೆ ನೇರ ಮೇಲಕ್ಕೆ ಎಳೆಯಿರಿ. ಮುಂದಿನ ಕೆಲವು ವಾರ ಆ ಜಾಗದ ಮೇಲೆ ಕಣ್ಣಿಡಿ, ಕೆಂಪಗೆ ಬಳೆಯ ಹಾಗೆ ಗಂಧೆ ಹರಡಿದರೆ ಅಥವಾ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ, ಉಣುಗು ಕಚ್ಚಿತ್ತು ಅಂತ ಮೊದಲೇ ಹೇಳಿ.