ಬ್ರಿಸ್ಬೇನ್‌ನಲ್ಲಿ ಮನೆ ಕೊಳ್ಳುವ ಮುನ್ನ ನೀರಿನ ಜಾತಕ ನೋಡಿ

ಬ್ರಿಸ್ಬೇನ್‌ಗೆ ಬಂದು ವರ್ಷ ತುಂಬುವಷ್ಟರಲ್ಲಿ ಸ್ವಂತ ಮನೆಯ ಹುಡುಕಾಟಕ್ಕೆ ಇಳಿಯುವ ಕುಟುಂಬಗಳು ನಮ್ಮಲ್ಲಿ ಬಹಳ. ಶಾಲೆ, ರೈಲು ನಿಲ್ದಾಣ, ಪೂರ್ವದ ಬಾಗಿಲು ಎಲ್ಲವನ್ನೂ ವಿಚಾರಿಸುತ್ತೇವೆ. ಆ ಅಂಗಳಕ್ಕೆ ನೀರು ಎಷ್ಟೆತ್ತರ ಬಂದಿತ್ತು ಎಂದು ಕೇಳುವವರು ಕಡಿಮೆ. ಮನೆಯ ಹಿಂದೆ ಈಶಾನ್ಯಕ್ಕೆ ತೊರೆ ಹರಿಯುತ್ತಿದೆ, ವಾಸ್ತುವಿಗೆ ಬಹಳ ಒಳ್ಳೆಯದು ಎಂದು ಹಿಗ್ಗಿದವರನ್ನೂ ಕಂಡಿದ್ದೇನೆ. ನಂಬಿಕೆ ಅವರವರದು; ಆದರೆ ಆ ತೊರೆ ಮಳೆಗಾಲದಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿದೇ ಸಹಿ ಹಾಕಿ.

ನಾವಾಗಿ ಕೇಳದಿದ್ದರೆ ಯಾರೂ ಹೇಳಲಾರರು. 2025ರ ಆಗಸ್ಟ್ 1ರಿಂದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಾರುವವರು ಕರಾರಿಗೆ ಮೊದಲೇ ಮಾಹಿತಿ ಪತ್ರ ಕೊಡುವುದು ಕಡ್ಡಾಯವಾಗಿದೆ. ಆದರೆ ಮನೆ ಈ ಮೊದಲು ಮುಳುಗಿತ್ತೇ ಎಂಬುದನ್ನು ಅದರಲ್ಲಿ ತಿಳಿಸಬೇಕೆಂದಿಲ್ಲ.

ನಗರದ ಮಾಪಕದಲ್ಲಿ ಬ್ರಿಸ್ಬೇನ್ ನದಿ 1974ರಲ್ಲಿ 5.45 ಮೀಟರ್, 2011ರಲ್ಲಿ 4.46 ಮೀಟರ್, 2022ರಲ್ಲಿ 3.85 ಮೀಟರ್ ಏರಿತು. 1974ರ ನಂತರ ವಿವೆನ್‌ಹೋ ಅಣೆಕಟ್ಟು ಬಂತು, ಇನ್ನು ಭಯವಿಲ್ಲ ಎಂಬ ಮಾತು ನಿಮ್ಮ ಕಿವಿಗೂ ಬಿದ್ದೀತು. ಅಣೆಕಟ್ಟು ನೆರೆಯನ್ನು ತಗ್ಗಿಸುತ್ತದೆ, ನಿಜ. ಆದರೆ ಲಾಕಿಯರ್ ತೊರೆ ಮತ್ತು ಬ್ರೆಮರ್ ನದಿ ಅಣೆಕಟ್ಟಿನ ಕೆಳಗೆ ಬಂದು ಸೇರುತ್ತವೆ. ಆ ನೀರಿಗೆ ಅಲ್ಲಿ ತಡೆಯಿಲ್ಲ. 2022ರ ಫೆಬ್ರವರಿಯಲ್ಲಿ ಮೂರೇ ದಿನಗಳಲ್ಲಿ ನಗರದ ಮೇಲೆ 600 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿದಾಗ ನದಿ 2011ರಷ್ಟು ಏರಲಿಲ್ಲ, ಆದರೂ 2011ರಲ್ಲಿ ನೀರು ತಾಕದಿದ್ದ ಎಷ್ಟೋ ಮನೆಗಳಿಗೆ ತೊರೆಗಳ ನೀರು ನುಗ್ಗಿತು. ನದಿ ಏರಲು ಒಂದೆರಡು ದಿನ ಬೇಕು, ಸಾಮಾನು ಎತ್ತಿಡಬಹುದು. ತೊರೆ ಕೆಲವೇ ಗಂಟೆಗಳಲ್ಲಿ ಉಕ್ಕುತ್ತದೆ. ಇವೆರಡೂ ದೂರವಿದ್ದರೂ ಇಳಿಜಾರಿನ ಮಳೆನೀರು ಬೀದಿ, ಹಿತ್ತಿಲುಗಳ ನಡುವೆ ಹರಿದು ಬರುವ ದಾರಿಗಳಿವೆ. ಬೆಂಗಳೂರಿನಲ್ಲಿ ರಾಜಕಾಲುವೆಯ ಪಕ್ಕ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬ್ರಿಸ್ಬೇನ್ ಸಿಟಿ ಕೌನ್ಸಿಲ್‌ನ ಜಾಲತಾಣದಲ್ಲಿ ವಿಳಾಸ ಕೊಟ್ಟರೆ 'ಫ್ಲಡ್‌ವೈಸ್ ಪ್ರಾಪರ್ಟಿ ರಿಪೋರ್ಟ್' ಉಚಿತವಾಗಿ ಸಿಗುತ್ತದೆ. ಮನೆ ನೋಡಲು ಹೊರಡುವ ಮೊದಲೇ ಅದನ್ನು ತೆಗೆಯಿರಿ. ಮನೆ ಮನಸ್ಸಿಗೆ ಹಿಡಿದ ಮೇಲೆ ಅಂಕಿಗಳು ಕಣ್ಣಿಗೆ ಕಾಣುವುದಿಲ್ಲ. ನಿವೇಶನದ ನೆಲಮಟ್ಟ, ನೆರೆಯ ಮಟ್ಟ ಎರಡನ್ನೂ ಸಮುದ್ರಮಟ್ಟದಿಂದ ಮೀಟರ್‌ಗಳಲ್ಲಿ ಕೊಟ್ಟಿರುತ್ತಾರೆ. ನೆರೆಯ ಅಂಕಿಯಿಂದ ನೆಲದ ಅಂಕಿಯನ್ನು ಕಳೆಯಿರಿ, ಅಂಗಳದಲ್ಲಿ ನೀರು ಎಷ್ಟು ನಿಲ್ಲುತ್ತದೆ ಎಂಬುದು ಸಿಕ್ಕಿತು. ವರ್ಷಕ್ಕೆ ಶೇ. 1ರ ಸಾಧ್ಯತೆ ಎಂದು ಓದಿ ನಿರಾಳರಾಗಬೇಡಿ. ಮೂವತ್ತು ವರ್ಷಗಳ ಸಾಲದ ಅವಧಿಯಲ್ಲಿ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಇಪ್ಸ್‌ವಿಚ್, ಲೋಗನ್ ಕಡೆ ಹುಡುಕುವವರು ಅಲ್ಲಿನ ಕೌನ್ಸಿಲ್‌ನ ನಕ್ಷೆಗಳನ್ನೇ ನೋಡಬೇಕು.

ಕಾಗದದಷ್ಟೇ ಮುಖ್ಯ ಪಕ್ಕದ ಮನೆಯವರ ಮಾತು. ಒಮ್ಮೆ ಒಂದು ಕುಟುಂಬದ ಜೊತೆ ಮನೆ ನೋಡಲು ಹೋಗಿದ್ದೆ. ಒಳಗೆಲ್ಲ ಹೊಸ ಬಣ್ಣದ ವಾಸನೆ. ಗ್ಯಾರೇಜಿನ ಮೂಲೆಯಲ್ಲಿ ಮಾತ್ರ ಇಟ್ಟಿಗೆಯ ಸಂದಿನಲ್ಲಿ ಕಂದು ಹೂಳು ಗಟ್ಟಿಯಾಗಿ ಕೂತಿತ್ತು, ವಿದ್ಯುತ್ ಪೆಟ್ಟಿಗೆಯನ್ನು ನನ್ನ ತಲೆಗಿಂತ ಮೇಲಕ್ಕೆ ಸರಿಸಿದ್ದರು. ಬೇಲಿಯಾಚೆ ಗಿಡಗಳಿಗೆ ನೀರು ಹಾಕುತ್ತಿದ್ದ ಹಿರಿಯರನ್ನು ಮಾತನಾಡಿಸಿದೆವು. ಅವರು ಪೈಪನ್ನು ಕೆಳಗಿಟ್ಟು, 2011 ಎಂದು ಎದೆಯ ಹತ್ತಿರ ಕೈ ಹಿಡಿದರು, 2022 ಎಂದು ಮೊಣಕಾಲು ಮುಟ್ಟಿದರು. ಕುಟುಂಬ ಆ ಮನೆಯನ್ನು ಬಿಟ್ಟಿತು.

ಬೆಲೆ ಹೇಳುವ ಮೊದಲೇ ಅದೇ ವಿಳಾಸಕ್ಕೆ ಎರಡು ಮೂರು ವಿಮಾ ಕಂಪನಿಗಳಿಂದ ಕಂತು ಎಷ್ಟೆಂದು ಕೇಳಿ. ವಿಮೆಯಲ್ಲಿ ಮಳೆನೀರಿನ ಹಾನಿ ಬೇರೆ, ನದಿ ತೊರೆ ಉಕ್ಕಿದ ಹಾನಿ ಬೇರೆ. ಎರಡನೆಯದನ್ನು ಕೈಬಿಟ್ಟು ಕಂತು ಇಳಿಸುವ ಪಾಲಿಸಿಗಳಿವೆ, ಓದಿ ನೋಡಿ. ಕರಾರಿಗೆ ಸಹಿ ಹಾಕಿದ ಮೇಲೂ ಹಿಂದೆ ಸರಿಯಲು ಐದು ಕೆಲಸದ ದಿನಗಳಿರುತ್ತವೆ, ಬೆಲೆಯ ಶೇ. 0.25ರವರೆಗೆ ದಂಡ ತೆರಬೇಕಾಗಬಹುದು. 9 ಲಕ್ಷ ಡಾಲರ್‌ ಮನೆಗೆ ಅದು 2,250 ಡಾಲರ್. ಮುಳುಗುವ ಮನೆಯಿಂದ ಪಾರಾಗಲು ಇದು ದೊಡ್ಡ ಮೊತ್ತವೇನಲ್ಲ. ಹರಾಜಿನಲ್ಲಿ ಕೊಂಡರೆ ಈ ಅವಕಾಶವೂ ಇಲ್ಲ. ಆದ್ದರಿಂದ ಮೊದಲ ಮನೆಯನ್ನು ಹರಾಜಿನಲ್ಲಿ ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ.

ತಗ್ಗಿನಲ್ಲಿ ಈಗಾಗಲೇ ಬಾಡಿಗೆಗೆ ಇರುವವರು ಪಾಸ್‌ಪೋರ್ಟ್, ವೀಸಾ ಕಾಗದಗಳನ್ನು ಎತ್ತರದಲ್ಲಿಡಿ. ನೆಲಮಾಳಿಗೆಯ ಕಾರನ್ನು ಮಳೆಯ ಎಚ್ಚರಿಕೆ ಬಂದ ಕೂಡಲೇ ಮೇಲಿನ ರಸ್ತೆಗೆ ತನ್ನಿ. ನೀರು ಹರಿಯುವ ರಸ್ತೆಗೆ ಕಾರು ಇಳಿಸಲೇಬೇಡಿ. ನೆರೆಯಲ್ಲಿ ನೆರವಿಗೆ ರಾಜ್ಯದ ತುರ್ತು ಸೇವೆ ಎಸ್‌ಇಎಸ್‌ನ ಸಂಖ್ಯೆ 132 500, ಪ್ರಾಣಾಪಾಯವಿದ್ದರೆ 000.

ವರದಿಯ ಅಂಕಿಗಳು ಗೊಂದಲವೆನಿಸಿದರೆ ಮಕ್ಕಳನ್ನು ಕನ್ನಡ ತರಗತಿಗೆ ಬಿಡಲು ಬರುವಾಗ ಅದರ ಪ್ರತಿ ತನ್ನಿ. ತರಗತಿ ಮುಗಿಯುವುದರೊಳಗೆ ಒಟ್ಟಿಗೆ ಕುಳಿತು ಓದಿಬಿಡೋಣ.